ಅಧ್ಯಕ್ಷರ ಮೀನುಬೇಟೆ

ಸಂಜೆಯವರೆಗೆ ಈ ಇಬ್ಬರೂ ದಡ ಮುಟ್ಟಬಾರದು. ರಾಜಾರಾಮನಿಗೆ ಬೇಕಾಗಿದ್ದು ಅಷ್ಟೇ.

ಸಣ್ಣ ದೋಣಿ ಕಾರವಾರದ ದಂಡೆ ಬಿಟ್ಟು ಬಹಳ ದೂರ ಬಂದಿತ್ತು. ಗುಡ್ಡಗಳು ತೆಳ್ಳಗಿನ ಗೆರೆಯಾಗಿದ್ದವು. ರಾಜಾರಾಮ ಮೊಬೈಲ್ ತೆಗೆದು ನೋಡಿದ. ಸಿಗ್ನಲ್ ಇರಲಿಲ್ಲ. ಸಮಾಧಾನದಿಂದ ಜೇಬಿಗಿಳಿಸಿದ.

ಎದುರಿಗೆ ಲಾಡಲೇಸಾಬ ದೋಣಿಯ ಅಂಚಿಗೆ ಎದೆಯೂರಿ ವಾಂತಿ ಮಾಡುತ್ತಿದ್ದ. ಬಬಲೇಶ್ವರದಲ್ಲಿ ಜನ ಸೇರಿಸಿ ಗುಡುಗುವವನು ಇಲ್ಲಿ ತೊಯ್ದ ಗೋಣಿಚೀಲದಂತೆ ಬಿದ್ದಿದ್ದ. ಹಿಂದುಗಡೆ ಶಾಂತಪ್ಪ ಗಾಳದ ಕೋಲನ್ನು ಎತ್ತಿನ ಹಗ್ಗದ ಹಾಗೆ ಬಿಗಿಯಾಗಿ ಹಿಡಿದು ಕೂತಿದ್ದ. ಶಾಲೆಯ ಕಾಲದ ಗೆಳೆಯರು. ಇಂಥವರು ತನ್ನ ಕುರ್ಚಿಯ ಮೇಲೆ ಕಣ್ಣು ಹಾಕಿದ್ದಾರೆ ಎನ್ನುವುದೇ ರಾಜಾರಾಮನಿಗೆ ಅವಮಾನ.

ಕುರ್ಚಿ ಎಂದರೆ ತಿಕೋಟಾದ ದ್ರಾಕ್ಷಿ ಬೆಳೆಗಾರರ ಸಂಘದ ಅಧ್ಯಕ್ಷಗಿರಿ. ವರ್ಷಗಳಿಂದ ಅದು ಅವನದೇ. ಶೀತಲಗೃಹದಲ್ಲಿ ಮೊದಲ ಜಾಗ ಅವನ ಒಣದ್ರಾಕ್ಷಿಗೆ. ಉಳಿದವರು ಬಾಗಿಲಲ್ಲಿ ಕಾಯಬೇಕು. ಸಭೆಯಲ್ಲಿ ಅವನು ಹುಬ್ಬು ಗಂಟಿಕ್ಕಿದರೆ ಸಾಕು, ಒಬ್ಬರೂ ಬಾಯಿ ತೆರೆಯುತ್ತಿರಲಿಲ್ಲ. ಈ ಸಲ ಮಾತ್ರ ಗುಸುಗುಸು ಎದ್ದಿತ್ತು. ಎದುರು ನಿಲ್ಲುವ ಧೈರ್ಯವಿದ್ದವರು ಇವರಿಬ್ಬರೇ. ಇವರು ಊರಲ್ಲಿಲ್ಲದಿದ್ದರೆ ಕುರಿಗಳೆಲ್ಲ ಅವನ ಹೆಸರಿಗೇ ಕೈ ಎತ್ತುತ್ತವೆ.

ದಾರಿ ತೋರಿಸಿದ್ದೂ ಶಾಂತಪ್ಪನೇ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಚಹಾ ಕುಡಿಯುತ್ತ, “ಸಾಯೂದ್ರಾಗ ಒಮ್ಮೆ ಸಮುದ್ರಕ್ಕ ಹೋಗಿ ದೊಡ್ಡ ಮೀನ ಹಿಡೀಬೇಕ ನೋಡಪಾ” ಎಂದಿದ್ದ. ಮೀನಿನ ವಾಸನೆಗೇ ಮೂಗು ಮುಚ್ಚುವವನ ಆಸೆ! ರಾಜಾರಾಮ ಒಳಗೊಳಗೇ ನಕ್ಕು, ಅಧ್ಯಕ್ಷರನ್ನು ಆರಿಸುವ ಸಭೆಯ ದಿನವೇ ದೋಣಿ ಗೊತ್ತುಮಾಡಿದ. ಸಭೆ ಮುಂದಿನ ವಾರಕ್ಕೆ ಹೋಗಿದೆ ಎಂದು ಸುಳ್ಳು ಹೇಳಿದ. ಇಬ್ಬರೂ ಒಂದು ಪ್ರಶ್ನೆ ಕೇಳದೆ ತಲೆಯಾಡಿಸಿದರು. ಇಷ್ಟು ದಡ್ಡರನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

ಸಭೆಯಲ್ಲಿ ಅವನ ಹೆಸರು ಸೂಚಿಸಲು ಹೆಂಡತಿ ಮಾಲಾ ಇದ್ದಳು. ಅರ್ಧ ತೋಟ ಅವಳ ಹೆಸರಿನಲ್ಲಿದ್ದುದರಿಂದ ಅವಳೂ ಸಂಘದ ಸದಸ್ಯೆ. ದಿನವಿಡೀ ಆಳುಗಳ ಜೊತೆ ತೋಟದಲ್ಲಿ ಬೇಯುವ ಹೆಂಗಸಿಗೆ ಸಭೆಯ ರೀತಿ ಏನು ಗೊತ್ತು? ಮಗುವಿಗೆ ಕಲಿಸಿದಂತೆ ಕಲಿಸಬೇಕಾಯಿತು. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು:

“ಸಮುದ್ರದಾಗ ಫೋನ ಹತ್ತೂದಿಲ್ಲ, ಹೌದಲ್ರಿ?”

“ಹತ್ತೂದಿಲ್ಲ, ಹುಚ್ಚಿ. ಅದಕ್ಕಂತನ ಅಲ್ಲಿಗೆ ಹೊಂಟೀನಿ!”

ದೋಣಿಯವನು ಲಾಡಲೇಸಾಬನ ಮುಖ ನೋಡಿ ಎಂಜಿನ್ ತಗ್ಗಿಸಿದ. “ಇವರಿಗೆ ಜಾಸ್ತಿ ಆಯ್ತು. ದಡಕ್ಕೆ ತಿರುಗಿಸ್ಲಾ?”

ರಾಜಾರಾಮ ಬೇಡವೆನ್ನಲು ಬಾಯಿ ತೆರೆಯುವುದರೊಳಗೆ ಲಾಡಲೇಸಾಬನೇ ಕೈ ಅಡ್ಡ ಹಿಡಿದ.

“ಬ್ಯಾಡ್ರಿ! ಇಷ್ಟ ದೂರ ಬಂದೇವಿ. ಮೀನ ಸಿಗೂತನಕ ನಾ ಒಲ್ಲೆ.” ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ನೀರಿನತ್ತ ಬಗ್ಗಿದ.

ಪೆದ್ದ, ಎಂದುಕೊಂಡ ರಾಜಾರಾಮ.

ಹೊತ್ತು ನೆತ್ತಿ ದಾಟಿದ ಮೇಲೆ ಅವನ ಗಾಳವೇ ಜಗ್ಗಿತು. ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರುಚುತ್ತ ದಾರ ಬಿಟ್ಟಿತು. ರಾಜಾರಾಮ ಕಾಲೂರಿ ಎದ್ದ.

“ಎಳೀಬೇಡಿ! ಓಡ್ಲಿ, ಸುಸ್ತಾಗ್ಲಿ!” ಎಂದು ದೋಣಿಯವನು ಕೂಗಿದ.

“ಅವಸರ ಮಾಡಬ್ಯಾಡ ರಾಜಾ,” ಶಾಂತಪ್ಪ ಹಿಂದಿನಿಂದ ಅವನ ಸೊಂಟ ಹಿಡಿದುಕೊಂಡ. “ಇನ್ನೂ ಭಾಳ ಹೊತ್ತ ಐತಿ.”

ಅಂಗೈ ಸುಲಿದು, ತೋಳು ನಡುಗುವವರೆಗೆ ಕಾದಾಡಿದ ಮೇಲೆ ಉದ್ದನೆಯ ಇಸವಾಣ ಮೀನು ದೋಣಿಯೊಳಗೆ ಬಿದ್ದು ಹೊರಳಾಡಿತು. ಬೆಳ್ಳಿ ಮೈ, ಕಪ್ಪು ಪಟ್ಟೆ. ಗೆಳೆಯರು ಚಪ್ಪಾಳೆ ತಟ್ಟಿದರು. ದಣಿದ ರಾಜಾರಾಮ ಒಂದು ಗಳಿಗೆ ತನ್ನ ಹೂಟವನ್ನೇ ಮರೆತು, ದಡಕ್ಕೆ ಹೋಗೋಣ ಎಂದ.

“ಇನ್ನೊಂದ ಹಿಡಿಯೂಣು!” ಇಬ್ಬರೂ ಒಟ್ಟಿಗೆ ಹಟ ಹಿಡಿದರು.

ಹಿಡಿಯಿರಿ, ಹಿಡಿಯಿರಿ. ಅವನಿಗೆ ಕನಿಕರ ಕೂಡ ಬರಲಿಲ್ಲ. ಇಂಥವರನ್ನು ಸೋಲಿಸುವುದರಲ್ಲಿ ಹೆಚ್ಚುಗಾರಿಕೆ ಏನಿದೆ?

ಹೊತ್ತು ಇಳಿದಾಗ ದೋಣಿ ದಡದತ್ತ ತಿರುಗಿತು. ಗುಡ್ಡದ ಮರಗಳು ಕಾಣುವಷ್ಟು ಹತ್ತಿರ ಬಂದಾಗ ಜೇಬಿನಲ್ಲಿ ಮೊಬೈಲ್ ಗುಂಯ್ಗುಟ್ಟತೊಡಗಿತು. ರಾಜಾರಾಮನಿಗೆ ಇನ್ನು ತಡೆಯಲಾಗಲಿಲ್ಲ.

“ಸಭಿ ಮುಂದಕ್ಕ ಹೋಗಿಲ್ಲಲೇ. ಇವತ್ತ ಇತ್ತು, ಮುಗದೂ ಹೋತು. ನೀವಿಬ್ಬರೂ ಇಲ್ಲಿ ಗಾಳ ಹಿಡಕೊಂಡು ಕುಂತಿದ್ರಿ. ಅಧ್ಯಕ್ಷರ ಆಗತಾರಂತ, ಅಧ್ಯಕ್ಷರು! ನಿಮ್ಮ ಮಾರಿಗಿಷ್ಟು!”

ಜಗಳಕ್ಕೆ ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಶಾಂತಪ್ಪ ಸುಮ್ಮನೆ ದಾರ ಸುತ್ತುತ್ತಿದ್ದ. ಲಾಡಲೇಸಾಬ ಬಾಯಿ ಒರೆಸಿಕೊಂಡು, “ಆತು ಬಿಡಪಾ. ಮೊದಲ ಮಾಲಾ ವೈನಿಗೆ ಫೋನ ಹಚ್ಚು” ಎಂದ.

ಅಭಿಮಾನವೂ ಇಲ್ಲದ ಜನ. ರಾಜಾರಾಮ ಮನೆಗೆ ಫೋನು ಮಾಡಿದ.

“ಆತೇನ?”

“ಆತ್ರಿ,” ಎಂದಳು ಮಾಲಾ. “ಒಬ್ಬರೂ ಎದುರು ನಿಲ್ಲಲಿಲ್ಲ. ಎಲ್ಲಾರೂ ಕೈ ಎತ್ತಿದ್ರು.”

ರಾಜಾರಾಮ ಸ್ಪೀಕರ್ ಹಾಕಿ, ಮೊಬೈಲನ್ನು ಗೆಳೆಯರ ಮುಖದ ಮುಂದೆ ಹಿಡಿದ. “ಇನ್ನೊಮ್ಮೆ ಜೋರಾಗಿ ಹೇಳು. ಇವರಿಗೂ ಕೇಳ್ಲಿ. ಅಧ್ಯಕ್ಷರು ಯಾರು?”

“ನಾನ ರೀ. ಶಾಂತಪ್ಪಣ್ಣಾ, ಲಾಡಲೇಸಾಬಣ್ಣಾ, ಇವರನ್ನ ಇಷ್ಟೊತ್ತನಕ ಅಲ್ಲೇ ಹಿಡದಿಟ್ಟಿದ್ದಕ್ಕ ಭಾಳ ಉಪಕಾರ ಆತು. ಇನ್ನ ಕರಕೊಂಡ ಬರ್ರಿ.”