ಮೂರು ಜೊತೆ ಶೂ, ಒಂದೇ ಬಿಲ್

"ಮೂರು ಜೊತೆ ಶೂನೂ ನನಗೇ, ಆದ್ರೆ ಬೇರೆ ಬೇರೆ ಬಿಲ್ ಮಾಡಿ," ಎಂದ ಗಿರಾಕಿ, ಮೆಷಿನ್‌ಗೆ ಮುಟ್ಟಿಸಲು ಕಾರ್ಡ್ ಹಿಡಿದು ನಿಂತ. ಸೊಸೆ ಬೆಲೆ ಒತ್ತುವಷ್ಟರಲ್ಲಿ ಗಲ್ಲಾದಲ್ಲಿದ್ದ ಅತ್ತೆ ಮೆಷಿನ್ನನ್ನು ತಮ್ಮತ್ತ ಎಳೆದುಕೊಂಡರು. "ಕಾಗದ ಯಾಕಪ್ಪ ದಂಡ? ಒಂದೇ ಬಿಲ್ ಸಾಕು," ಎಂದು ಮೂರನ್ನೂ ಕೂಡಿಸಿ ಒತ್ತಿದರು.

ಪಿನ್ ಇಲ್ಲದೆ ಪಾವತಿಸುವ ಮಿತಿಯನ್ನು ಮೊತ್ತ ದಾಟಿದ್ದರಿಂದ ಮೆಷಿನ್ ಪಿನ್ ಕೇಳಿತು. ಗಿರಾಕಿ ಹಣೆ ಒರೆಸಿಕೊಂಡ. "ಪಿನ್ ಫೋನಲ್ಲಿದೆ, ಫೋನ್ ಕಾರಲ್ಲೇ ಬಿಟ್ಟೆ, ಈಗ ಬಂದೆ," ಎಂದವನು ಕಾರ್ಡನ್ನೂ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ.

ಕಾರ್ಡಿನ ಮೇಲೆ ಯಾವುದೋ ಹೆಂಗಸಿನ ಹೆಸರಿತ್ತು. ಬ್ಯಾಂಕಿಗೆ ಒಪ್ಪಿಸಲೆಂದು ಅತ್ತೆ ಅದನ್ನು ಎತ್ತಿಟ್ಟರು. ನಿನ್ನೆಯಷ್ಟೇ ಅವರಿಗೆ ಈ ಮೆಷಿನ್ನಿನ ಪಾಠ ಹೇಳಿದ್ದ ಸೊಸೆ ಬೆಪ್ಪಾಗಿ ನೋಡಿದಳು. "ಅವನು ಕಳ್ಳ ಅಂತ ಹೇಗೆ ಗೊತ್ತಾಯ್ತು ಅತ್ತೆ?"

"ಮೂರೂ ತನಗೇ ಅಂದ," ಅತ್ತೆ ಡಬ್ಬಿ ಮುಚ್ಚುತ್ತಾ ಹೇಳಿದರು. "ಒಂದನ್ನಾದ್ರೂ ಕಾಲಿಗೆ ಹಾಕಿ ನೋಡಿದ್ನಾ?"