ಒಂದು ಕಡಿಮೆ

ಬೈಪಾಸ್ ತಿರುವಿಗೆ ಹಂಪ್ ಹಾಕಿಸಿ ಎಂದು ಕೇಳಲು ಟಿಪ್ಪರ್ ಡ್ರೈವರ್ ರಸ್ತೆ ಇಲಾಖೆಯ ಕಚೇರಿಗೆ ಮತ್ತೆ ಬಂದಿದ್ದ. ಶಾಲೆ ಬಿಟ್ಟು ಬರುತ್ತಿದ್ದ ಅವನ ಮಗಳು ಸತ್ತದ್ದು ಅದೇ ತಿರುವಿನಲ್ಲಿ.

"ಸಾವಿನ ಲೆಕ್ಕ ತುಂಬಿ ಬ್ಲ್ಯಾಕ್ ಸ್ಪಾಟ್ ಆದರಷ್ಟ ಹಂಪ್," ಎಂದ ಇಂಜಿನಿಯರ್, ಚಹಾ ಹೀರುತ್ತ. "ಅದಕ್ಕ ಇನ್ನೊಂದು ಸಾವು ಕಡಿಮಿ ಐತಿ."

"ನನ್ನ ಮಗಳನ್ನ ಹಿಡದರೂ?"

"ಹಿಡದ ಹೇಳಾಕತ್ತೀನಪಾ. ಅದೊಂದು ಆತಂದ್ರ ಹಂಪ್ ತಾನ ಬರ್ತೈತಿ."

"ನೀವು ಇರಲಿಲ್ಲಂದ್ರೂ ಬರ್ತೈತೇನ್ರಿ?"

"ನಾ ಯಾಕ ಬೇಕು? ರೂಲ್ ಐತಲ್ಲ."

ಡ್ರೈವರ್ ತಲೆಯಾಡಿಸಿದ. ಮೇಜಿನ ಮೇಲಿದ್ದ ಇಂಜಿನಿಯರನ ಹೆಲ್ಮೆಟ್ಟನ್ನು ಸ್ವಲ್ಪ ಹೊತ್ತು ನೋಡಿದ. ಎದ್ದು ನಿಂತು ಜೇಬಿನಿಂದ ಟಿಪ್ಪರ್ ಚಾವಿ ತೆಗೆದ.

"ಸಾಹೇಬ್ರ, ನೀವೂ ದಿನಾ ಆ ತಿರುವಿನಾಗ ಹಾದ ಮನೀಗೆ ಹೋಗ್ತೀರಲ್ಲ? ನಿಮ್ಮ ಬೈಕ್ ಯಾವ ಬಣ್ಣದ್ರಿ?"