ಟೈಯಲ್ಲಿ ಒರೆಸಿದ ಬಾಟಲಿ

ಅಥವಾ ಆ ದಿನ ಪಪ್ಪ ಕೊಟ್ಟ ಬಾಟಲಿ ನೀಲಿಯಿತ್ತೇನೋ, ಹಳದಿ ಎಂದು ಆಣೆ ಮಾಡಲಾರೆ. ಇಂದು ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆರೆದಾಗ ಬಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಆ ಬಾಟಲಿಯದ್ದೇ, ಅದಷ್ಟೇ ಖಚಿತ.

ಪಪ್ಪನ ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆಗಿತ್ತು. ಆ ಮಧ್ಯಾಹ್ನದ ಇಂಟರ್‌ವ್ಯೂ ಕೂಡ ಕೈಕೊಟ್ಟರೆ ನಾವೆಲ್ಲ ಮಂಗಳೂರಿಗೆ ಮರಳಬೇಕಿತ್ತು. ದುಬೈಯ ಊದ್ ಮೇಥಾದ ಶಾಲೆಯಿಂದ ನನ್ನನ್ನು ಹತ್ತಿಸಿಕೊಂಡು ಪಪ್ಪ ಇಂಟರ್‌ವ್ಯೂಗೆ ಹೊರಟರು. ದಾರಿಯಲ್ಲಿ ದುಬೈ ಟೂರ್ ಸೈಕಲ್ ರೇಸಿಗಾಗಿ ರಸ್ತೆ ಮುಚ್ಚಿದ್ದರು.

“ಮಾಫಿ ರೋಡ್! ಯಲ್ಲಾ, ಯಲ್ಲಾ!” ರಸ್ತೆ ಇಲ್ಲ, ಬೇಗ ಹೋಗಿ ಎಂದು ಪೊಲೀಸ್ ಸುತ್ತುದಾರಿಯತ್ತ ಕೈ ಬೀಸಿದ. ಪಪ್ಪ ಕಾರನ್ನು ಅಲ್ಲೇ ಬದಿಗೆ ನಿಲ್ಲಿಸಿದರು.

“ಪಪ್ಪಾ, ಯು ವಿಲ್ ಬಿ ಲೇಟ್.”

“ಇರು ಮಗಾ, ಇಷ್ಟು ಹತ್ತಿರ ಬಂದದ್ದನ್ನು ನೋಡಿಯೇ ಹೋಗುವ.”

ಚೈನುಗಳ ಗುಂಯ್ ಸದ್ದಿನೊಂದಿಗೆ ಸವಾರರು ಹಾದುಹೋದರು.

“ಕಂಡಿಯಾ ಮಾರಾಯ್ತಿ, ಪೆಟ್ರೋಲೂ ಬೇಡ, ರಸ್ತೆ ಪೂರಾ ಇವರದ್ದೇ!” ಪಪ್ಪ ನಕ್ಕರು.

ಸವಾರನೊಬ್ಬ ಎಸೆದ ನೀರಿನ ಬಾಟಲಿ ನಮ್ಮತ್ತ ಉರುಳಿ ಬಂತು. ಪಪ್ಪ ಅದನ್ನೆತ್ತಿಕೊಂಡು, ಮಮ್ಮಿ ಇಸ್ತ್ರಿ ಮಾಡಿಕೊಟ್ಟಿದ್ದ ಟೈ ಬಿಚ್ಚಿ, ಅದರಿಂದಲೇ ಮರಳು ಒರೆಸಿ ನನಗೆ ಕೊಟ್ಟರು. ರಸ್ತೆ ತೆರೆದ ಮೇಲೆ ಕಾರನ್ನು ಮನೆಯತ್ತ ತಿರುಗಿಸಿದರು.

ಮಮ್ಮಿ ಬಾಗಿಲಲ್ಲೇ ಕೇಳಿದಾಗ, “ಖಲಾಸ್. ರೇಸಿನಿಂದ ತಡ ಆಯ್ತು,” ಎಂದರು. ನಾನು ಸಾಕ್ಷಿಗೆಂಬಂತೆ ಬಾಟಲಿ ತೋರಿಸಿದೆ.

ಆ ಇಂಟರ್‌ವ್ಯೂ ನಿಜಕ್ಕೂ ಇತ್ತೇ, ನನಗೆ ಗೊತ್ತಿಲ್ಲ.